ಮುಪ್ಪಿನ ಮಾತು ಕೇಳುವ ವಿದ್ಯೆ

“ಗುರುಜೀ, ಮನಶ್ಶಾಸ್ತ್ರ ಓದಿ ಮುಂದ ಏನ್ ಮಾಡ್ಲಿಕ್ಕ ಬರ್ತದರೀ?”

2022ನೆಯ ಇಸವಿಯ ಕಡೆಯ ದಿನ ಭಾಲ್ಕಿಯ ನಮ್ಮ ಮನೆಯ ಪಡಸಾಲೆಯಲ್ಲಿ ಕುಳಿತು ಈ ಪ್ರಶ್ನೆಯನ್ನು ಕೇಳಿದವಳು ನನ್ನ ಹಳೆಯ ಶಿಷ್ಯನೊಬ್ಬನ ಮಗಳು. ಔರಾದ ತಾಲೂಕಿನ ಒಂದು ಹಳ್ಳಿ ಅವಳ ಊರು. ಹೊರ ಊರಿನ ಕಾಲೇಜಿನಲ್ಲಿ ಮನಶ್ಶಾಸ್ತ್ರವನ್ನು ಐಚ್ಛಿಕ ವಿಷಯವಾಗಿ ತೆಗೆದುಕೊಂಡು ಬಿ.ಎ. ತರಗತಿಯ ಕಡೆಯ ವರ್ಷದಲ್ಲಿ ಓದುತ್ತಿದ್ದಳು. ಅವಳ ತಂದೆಗೆ ಈ ಓದಿನ ವಿಷಯವಾಗಿ ಸಮಾಧಾನವಿರಲಿಲ್ಲ. “ಗುರುಜಿಯವರನ್ನು ಕೇಳಿಕೊಂಡು ಬಾ” ಎಂದು ಅವಳನ್ನು ನನ್ನಲ್ಲಿಗೆ ಕಳುಹಿಸಿದ್ದನು.

ನಾನು ಬಹು ಸುಲಭವಾಗಿ ಉತ್ತರ ಕೊಟ್ಟೆನು. “ಬಿ.ಎಡ್. ಮಾಡವ್ವಾ, ಇಲ್ಲಾಂದ್ರ ಬ್ಯಾಂಕಿನ ಪರೀಕ್ಷಾ ಕಟ್ಟು” ಎಂದೆನು. ಅವಳು ತಲೆ ತಗ್ಗಿಸಿ, “ನನಗ ವಯಸ್ಸಾದವರ ಕೂಡ ಕೆಲಸ ಮಾಡೋ ಆಸೆ ಅದರೀ” ಎಂದಳು. ನನಗೆ ನಗು ಬಂದಿತು. ವೃದ್ಧರಿಗೆ ಬೇಕಾದುದು ಹೊತ್ತಿಗೆ ಊಟ, ಔಷಧ, ದೇವರ ನಾಮ. ಇವುಗಳ ನಡುವೆ ಮನಶ್ಶಾಸ್ತ್ರದ ವಿದ್ಯಾರ್ಥಿಗೆ ಎಲ್ಲಿಯ ಕೆಲಸ? ಹೀಗೆ ಎಣಿಸುತ್ತ, ಚಹಕ್ಕೆ ಹೇಳಿ ಬರಲು ಒಳಗೆ ಹೋದೆನು. ಹಿಂದಿರುಗಿ ಬರುವಷ್ಟರಲ್ಲಿ ನಡೆದ ಸಂಗತಿಯೇ ಈ ಲೇಖನಕ್ಕೆ ಕಾರಣವಾಗಿರುವುದು. ಅದನ್ನು ಹೇಳುವುದಕ್ಕೆ ಮುಂಚೆ ನನ್ನ ತಾಯಿಯ ವಿಷಯವನ್ನು ಎರಡು ಮಾತಿನಲ್ಲಿ ಹೇಳಬೇಕು.

ನನ್ನ ತಾಯಿಯ ತವರು ಔರಾದ ಸೀಮೆ. ಅಲ್ಲಿ ಅನೇಕ ಮನೆಗಳಲ್ಲಿ ಮರಾಠಿಯೇ ತೊಟ್ಟಿಲ ಭಾಷೆ. ಅವಳಿಗೆ ಹುಟ್ಟಿದ ವರ್ಷ ತಿಳಿಯದು. 1948ರ ಸೆಪ್ಟೆಂಬರಿನಲ್ಲಿ ಪೋಲೀಸ್ ಕಾರ್ಯಾಚರಣೆ ನಡೆದು ನಿಜಾಮರ ಆಳ್ವಿಕೆ ಮುಗಿದಾಗ ತಾನು ನೀರಿನ ಕೊಡವನ್ನು ಹೊರುವಷ್ಟು ಬೆಳೆದಿದ್ದೆನೆಂದು ಹೇಳುತ್ತಿದ್ದಳು. ಮದುವೆಯಾಗಿ ಭಾಲ್ಕಿಗೆ ಬಂದ ಮೇಲೆ ಕನ್ನಡವನ್ನು ಕಲಿತಳು. ಮಕ್ಕಳನ್ನು ಕನ್ನಡದಲ್ಲಿಯೇ ಬೆಳೆಸಿದಳು. ನಮ್ಮ ತಂದೆಯವರು ಉರ್ದು ಶಾಲೆಯಲ್ಲಿ ಓದಿದವರು. ಲೆಕ್ಕವನ್ನೂ ಫಸಲಿ ಸಾಲನ್ನೂ ಉರ್ದುವಿನಲ್ಲಿಯೇ ಎಣಿಸುತ್ತಿದ್ದರು. ಹೀಗೆ ಒಂದೇ ಮನೆಯಲ್ಲಿ ಮೂರು ಭಾಷೆಗಳಿರುವುದು ಬೀದರ ಜಿಲ್ಲೆಯಲ್ಲಿ ಹೊಸತೇನೂ ಅಲ್ಲ.

ತಂದೆಯವರು ತೀರಿಕೊಂಡ ಬಳಿಕ ತಾಯಿಗೆ ಮರೆವು ಕಾಣಿಸಿಕೊಂಡಿತು. ಒಲೆಯ ಮೇಲಿನ ಹಾಲು ಉಕ್ಕಿ ಹೋಗುವುದು, ಬೀಗದ ಕೈ ಕಾಣೆಯಾಗುವುದು, ಮೊಮ್ಮಕ್ಕಳ ಹೆಸರು ತಪ್ಪುವುದು ಇವು ಮೊದಲಾದವು. ದೊಡ್ಡ ಊರಿನ ಒಂದು ಆಸ್ಪತ್ರೆಗೆ ಕರೆದೊಯ್ದೆವು. ಅಲ್ಲಿಯ ತರುಣರೊಬ್ಬರು ಕಾಗದವನ್ನು ಮುಂದಿಟ್ಟುಕೊಂಡು, ನಗರದ ಕನ್ನಡದಲ್ಲಿ ವೇಗವಾಗಿ ಕೇಳಿದರು: ಇದು ಯಾವ ಇಸವಿ? ಇಂದು ಎಷ್ಟನೆಯ ತಾರೀಖು? ಇದು ಕಟ್ಟಡದ ಎಷ್ಟನೆಯ ಅಂತಸ್ತು? ನೂರರಿಂದ ಏಳೇಳನ್ನು ಕಳೆಯುತ್ತ ಹೋಗಿ. ಒಂದು ವಾಕ್ಯವನ್ನು ಬರೆಯಿರಿ. ಶಾಲೆಯ ಮೆಟ್ಟಲನ್ನೇ ಹತ್ತದ ನನ್ನ ತಾಯಿ ಲೇಖನಿಯನ್ನು ಹಿಡಿದುಕೊಂಡು ಸುಮ್ಮನೆ ಕುಳಿತಳು. ಕಾಲು ಗಂಟೆಯಲ್ಲಿ ಪರೀಕ್ಷೆ ಮುಗಿಯಿತು. ಬುದ್ಧಿಶಕ್ತಿಯು ಬಹುಮಟ್ಟಿಗೆ ಹೋಗಿದೆಯೆಂದು ಬರೆದುಕೊಟ್ಟರು.

ಆ ಕಾಗದವನ್ನು ನಾವು ವೇದವಾಕ್ಯವೆಂದು ತಿಳಿದೆವು. ಅವಳ ಕೈಯಿಂದ ಬೀಗದ ಕೈಗೊಂಚಲನ್ನು ತೆಗೆದುಕೊಂಡೆವು. ಪಲ್ಲೆ ಸೋಸುವ ಕೆಲಸವನ್ನೂ ತಪ್ಪಿಸಿದೆವು. ನಾನೋ ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಹುಡುಗರ ಸಂಧಿಗಳನ್ನೂ ವಿಭಕ್ತಿಗಳನ್ನೂ ತಿದ್ದಿದವನು. ಆ ಅಭ್ಯಾಸ ಮನೆಯಲ್ಲಿಯೂ ಬಿಡಲಿಲ್ಲ. “ಅಪ್ಪಾವರು ಹೊಲದಿಂದ ಇನ್ನೂ ಬಂದಿಲ್ಲಲ್ಲಾ” ಎಂದು ಅವಳೆಂದರೆ, “ಅಪ್ಪಾವರು ತೀರಿಕೊಂಡು ವರ್ಷಾತು, ಅವ್ವಾ” ಎಂದು ತಿದ್ದುತ್ತಿದ್ದೆನು. ಪ್ರತಿಯೊಂದು ಸಲವೂ ಅವಳು ಆ ಸುದ್ದಿಯನ್ನು ಹೊಸದಾಗಿ ಕೇಳಿದವಳಂತೆ ಅಳುತ್ತಿದ್ದಳು. ನಡುನಡುವೆ ಮರಾಠಿಯಲ್ಲಿ ಏನೋ ಗುಣುಗುಣಿಸುವಳು. “ಕನ್ನಡದಾಗ ಹೇಳವ್ವಾ” ಎನ್ನುತ್ತಿದ್ದೆನು. ಕ್ರಮೇಣ ಅವಳು ಮಾತನ್ನೇ ಬಿಟ್ಟಳು. ಇದೆಲ್ಲವೂ ರೋಗದ ಲಕ್ಷಣವೆಂದೇ ನಾನು ತಿಳಿದೆನು.

ಅಂದು ಚಹದ ಬಟ್ಟಲುಗಳೊಡನೆ ಪಡಸಾಲೆಗೆ ಬಂದಾಗ ನಾನು ಕಂಡುದೇನು? ಆ ಹುಡುಗಿಯು ತಾಯಿಯ ಮಂಚದ ಬಲಮಗ್ಗುಲಿಗೆ, ಕಿವಿಯ ಸಮೀಪ ಕುಳಿತಿದ್ದಳು. ಇಬ್ಬರೂ ಮರಾಠಿಯಲ್ಲಿ ಮಾತನಾಡುತ್ತಿದ್ದರು. “ಆಯೀ, ಯಾವ ಹಬ್ಬ ಆತು?” ಎಂದು ಇವಳು ಕೇಳಿದ್ದಕ್ಕೆ, ಎಳ್ಳಮಾವಾಸ್ಯೆಯಾಗಿ ಎಂಟು ದಿನವಾಯಿತೆಂದೂ, ಈ ಸಲ ಭಜ್ಜಿಯಲ್ಲಿ ಉಪ್ಪು ಕಡಿಮೆಯಿದ್ದಿತೆಂದೂ ತಾಯಿಯು ಹೇಳಿದಳು. ನಾನು ಬೆರಳು ಮಡಿಸಿ ಎಣಿಸಿದೆನು. ಡಿಸೆಂಬರ್ 23ರಂದು ಅಮಾವಾಸ್ಯೆ; ಅಂದಿಗೆ ಸರಿಯಾಗಿ ಎಂಟು ದಿನ. ಇಸವಿ ತಾರೀಖುಗಳನ್ನು ಅರಿಯದ ಅವಳಿಗೆ ಹೊಲದಲ್ಲಿ ಚರಗ ಚೆಲ್ಲಿದ ದಿನ ನೆನಪಿದ್ದಿತು. ಉಪ್ಪಿನ ಮಾತೂ ನಿಜವೇ ಆಗಿದ್ದಿತು.

ಇದನ್ನು ಪವಾಡವೆಂದು ವಾಚಕರು ಭಾವಿಸಬಾರದು. ಅದೇ ಮಾತುಕತೆಯಲ್ಲಿ ಅವಳು ತನ್ನ ಗಂಡ ಬದುಕಿರುವನೆಂದೇ ಹೇಳಿದಳು. ತನಗೆ ಎಷ್ಟು ಮಕ್ಕಳೆಂಬುದನ್ನು ತಪ್ಪಿ ಹೇಳಿದಳು. ಹೊರಡುವಾಗ ಆ ಹುಡುಗಿಯು ನನ್ನೊಡನೆ ಮೂರು ಮಾತುಗಳನ್ನು ಬಹಳ ಸಂಕೋಚದಿಂದ ಆಡಿದಳು. ಮೊದಲನೆಯದು: “ಆಯಿಗೆ ಎಡಗಿವಿ ಕೇಳಸ್ತಿಲ್ಲ ಅಂತ ಕಾಣಸ್ತದರೀ.” ಎರಡನೆಯದು: “ರೋಗ ಎಷ್ಟದ ಅಂತ ಹೇಳೋ ಅಧಿಕಾರ ನನಗಿಲ್ರೀ, ನಾ ಇನ್ನಾ ಕಲಿಯೋಕಿ, ಮತ್ತೊಮ್ಮೆ ತೋರಿಸ್ರಿ, ಮರಾಠಿ ಬಲ್ಲವರು ಸಂಗಡ ಇರಲಿ.” ಮೂರನೆಯದನ್ನು ಹೇಳುವಾಗ ಅವಳು ನನ್ನ ಮುಖವನ್ನು ನೋಡಲಿಲ್ಲ: “ಗುರುಜೀ, ಅವರಿಗೆ ತಿದ್ದಬ್ಯಾಡ್ರಿ. ಮುತ್ಯಾ ಎಲ್ಲಿ ಅಂದ್ರ, ಮುತ್ಯಾ ಹ್ಯಾಂಗಿದ್ರು ಹೇಳು ಅನ್ರಿ.”

ಬೀದರ ನಗರದ ವೈದ್ಯರೊಬ್ಬರಲ್ಲಿ ಮತ್ತೊಮ್ಮೆ ತೋರಿಸಿದೆವು. ಮರೆವಿನ ರೋಗವಿರುವುದು ದಿಟ. ಆದರೆ ನಾವು ತಿಳಿದಷ್ಟು ಮುಂದುವರಿದಿರಲಿಲ್ಲ. ಕಿವುಡುತನವೂ ವೈಧವ್ಯದ ದುಃಖವೂ ಅದರೊಡನೆ ಸೇರಿ ಅದನ್ನು ಇಮ್ಮಡಿಯಾಗಿ ತೋರಿಸುತ್ತಿದ್ದವು. ಕಿವಿಗೆ ಯಂತ್ರವನ್ನು ಹಾಕಿಸಿದೆವು. ಪಲ್ಲೆ ಸೋಸುವ ಕೆಲಸ ಮರಳಿ ಅವಳ ಕೈಗೆ ಬಂದಿತು. ಅಂದಿನಿಂದ ಒಂದು ವರ್ಷ ಏಳು ತಿಂಗಳು ಅವಳು ಬದುಕಿದ್ದಳು. ಅದಕ್ಕೆ ಹಿಂದಿನ ಎಂಟು ತಿಂಗಳನ್ನು ಮಾತ್ರ ನಾನು ತಿದ್ದುವುದರಲ್ಲಿಯೇ ಕಳೆದೆನು.

ಭಾಲ್ಕಿಯ ಹಿರೇಮಠದ ಚನ್ನಬಸವ ಪಟ್ಟದ್ದೇವರು ನಿಜಾಮರ ಕಾಲದಲ್ಲಿ ಹೊರಗೆ ಉರ್ದು ಫಲಕವನ್ನು ತೂಗಹಾಕಿ ಒಳಗೆ ಕನ್ನಡ ಪಾಠವನ್ನು ಹೇಳಿಸಿದ ಕಥೆಯನ್ನು ನಾನು ತರಗತಿಯಲ್ಲಿ ಎಷ್ಟು ಸಲ ಹೇಳಿರುವೆನೋ ಲೆಕ್ಕವಿಲ್ಲ. 1999ರಲ್ಲಿ ಲಿಂಗೈಕ್ಯರಾದ ಆ ಶತಾಯುಷಿಗಳು, ಮಗುವಿಗೆ ಅದರ ತಾಯ್ನುಡಿಯನ್ನು ನಿರಾಕರಿಸಬಾರದೆಂದು ತೋರಿಸಿಕೊಟ್ಟವರು. ಆ ಕಥೆಯನ್ನು ಹೆಮ್ಮೆಯಿಂದ ಹೇಳುತ್ತಿದ್ದ ನಾನೇ ನನ್ನ ತಾಯಿಗೆ, ಅವಳ ಕಡೆಗಾಲದಲ್ಲಿ, ಅವಳ ತಾಯ್ನುಡಿಯನ್ನು ಆಡಬೇಡವೆಂದಿದ್ದೆನು. ಎರಡು ಭಾಷೆಗಳನ್ನು ಬಲ್ಲ ವೃದ್ಧರಲ್ಲಿ ಮರೆವು ಹೆಚ್ಚಿದಂತೆ ಕೆಲವರು ಬಾಲ್ಯದ ಭಾಷೆಗೆ ಹಿಂದಿರುಗುವುದುಂಟೆಂದು ಮನಶ್ಶಾಸ್ತ್ರಜ್ಞರು ಬಲ್ಲರು. ನಾನು ಬಲ್ಲವನಾಗಿರಲಿಲ್ಲ.

ಅಂದಿನಿಂದ ಆ ಹುಡುಗಿಯ ಪ್ರಶ್ನೆಗೆ ಸರಿಯಾದ ಉತ್ತರವನ್ನು ಹುಡುಕುವುದು ನನ್ನ ಮೇಲಿನ ಋಣವೆಂದು ತಿಳಿದೆನು. ಹುಡುಕಿ ತಿಳಿದುದನ್ನು, ಅಂಥ ಮಕ್ಕಳಿರುವ ಇತರ ಮನೆಗಳವರಿಗೂ ಉಪಯೋಗವಾಗಲೆಂದು, ಇಲ್ಲಿ ನಿವೇದಿಸುತ್ತೇನೆ.

ಮುಪ್ಪಿನ ವಿಚಾರವು ನಮ್ಮವರಿಗೆ ಹೊಸತಲ್ಲ. ಆಯುರ್ವೇದದ ಎಂಟು ಅಂಗಗಳಲ್ಲಿ ಜರಾಚಿಕಿತ್ಸೆಯೂ ಒಂದು. ಆದರೆ ಅಲ್ಲಿ ಪ್ರಧಾನವಾದುದು ದೇಹರಕ್ಷಣೆ. ಯಯಾತಿಯ ಕಥೆಯಲ್ಲಿ ಅರಸನು ತನ್ನ ಮುಪ್ಪನ್ನು ಮಕ್ಕಳಿಗೆ ಕೊಡಲು ಹೊರಟನು; ಮುಪ್ಪಿನಲ್ಲಿರುವವನ ಮನಸ್ಸಿನಲ್ಲಿ ಏನಿದೆಯೆಂದು ಕೇಳಿದವರು ಯಾರೂ ಇಲ್ಲ. ಪಾಶ್ಚಾತ್ಯರಲ್ಲಿಯೂ ಈ ಕೇಳುವಿಕೆ ತಡವಾಗಿಯೇ ಮೊದಲಾಯಿತು. ಅಮೆರಿಕೆಯ ಸ್ಟ್ಯಾನ್ಲಿ ಹಾಲ್ ಎಂಬ ಪ್ರಾಧ್ಯಾಪಕರು 1904ರಲ್ಲಿ ಹದಿಹರೆಯದ ಮೇಲೆ ದೊಡ್ಡ ಗ್ರಂಥವನ್ನು ಬರೆದರು. ತಾವು ಎಪ್ಪತ್ತೈದನ್ನು ದಾಟಿದ ಮೇಲೆ, 1922ರಲ್ಲಿ, ವಾರ್ಧಕ್ಯದ ಮೇಲೆ ಬರೆದರು. ರಾಬರ್ಟ್ ಬಟ್ಲರ್ ಎಂಬ ವೈದ್ಯರು 1963ರಲ್ಲಿ, ವೃದ್ಧರು ಹಳೆಯದನ್ನು ಮತ್ತೆ ಮತ್ತೆ ಹೇಳುವುದು ಬುದ್ಧಿಭ್ರಮಣೆಯಲ್ಲ, ತಮ್ಮ ಬಾಳನ್ನು ತಾವೇ ಪರಾಮರ್ಶಿಸಿಕೊಳ್ಳುವ ಸಹಜವಾದ ಕ್ರಿಯೆಯೆಂದು ಪ್ರತಿಪಾದಿಸಿದರು. ಕನ್ನಡ ನಾಡಿಗೆ ಈ ಶಾಸ್ತ್ರವು ಬಂದು ನೂರು ವರ್ಷ ಕಳೆದಿರುವುದು. 1924ರಲ್ಲಿ ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಎಂ. ವಿ. ಗೋಪಾಲಸ್ವಾಮಿಯವರು ಮನಶ್ಶಾಸ್ತ್ರ ವಿಭಾಗವನ್ನು ಆರಂಭಿಸಿದರು. ಮುಂದೆ 1935ರಲ್ಲಿ ತಮ್ಮ ಮನೆಯಿಂದಲೇ ‘ಆಕಾಶವಾಣಿ’ಯನ್ನು ಬಿತ್ತರಿಸಿದವರೂ ಇವರೇ.

ಈ ವಿದ್ಯೆಯ ಅವಶ್ಯಕತೆ ಎಷ್ಟೆಂಬುದಕ್ಕೆ ಲೆಕ್ಕ ಬೇಕೆನ್ನುವವರಿಗೆ ಎರಡು ಅಂಕೆಗಳನ್ನು ಕೊಡುವೆನು. 2011ರ ಜನಗಣತಿಯಲ್ಲಿಯೇ ನಮ್ಮ ದೇಶದಲ್ಲಿ ಅರುವತ್ತು ಮೀರಿದವರು 10 ಕೋಟಿಗೂ ಹೆಚ್ಚಾಗಿದ್ದರು. ದೇಶವ್ಯಾಪಿಯಾದ ಒಂದು ಸಂಶೋಧನೆಯಿಂದ 2023ರಲ್ಲಿ ಪ್ರಕಟವಾದ ಅಂದಾಜಿನ ಮೇರೆಗೆ ಅಂಥವರಲ್ಲಿ ನೂರಕ್ಕೆ 7.4 ಮಂದಿಗೆ, ಎಂದರೆ ಸುಮಾರು 88 ಲಕ್ಷ ಜನರಿಗೆ, ಮರೆವಿನ ರೋಗವಿರುವುದು. ಗಂಡಸರಿಗಿಂತ ಹೆಂಗಸರಲ್ಲಿ, ಪಟ್ಟಣಕ್ಕಿಂತ ಹಳ್ಳಿಯಲ್ಲಿ ಹೆಚ್ಚು. ರೋಗವಿಲ್ಲದಿದ್ದರೂ ಏಕಾಂತ, ಶೋಕ, ಭಯಗಳಿಂದ ಕುಗ್ಗುವವರು ಬೇರೆ. ನಮ್ಮ ಔರಾದ, ಭಾಲ್ಕಿಗಳ ಹಳ್ಳಿಗಳಿಂದ ಹರೆಯದವರು ಹೈದರಾಬಾದಿಗೋ ಪುಣೆಗೋ ದುಡಿಯಲು ಹೋದ ಮೇಲೆ ಕಟ್ಟೆಯ ಮೇಲೆ ಉಳಿಯುವವರು ಯಾರೆಂಬುದನ್ನು ವಾಚಕರೇ ಬಲ್ಲರು.

ಇನ್ನು ವಿದ್ಯಾರ್ಥಿಗಳ ಮುಂದಿರುವ ಮಾರ್ಗಗಳು. ಮೊದಲನೆಯದು ಚಿಕಿತ್ಸಾ ಮನಶ್ಶಾಸ್ತ್ರ. ಬಿ.ಎ. ಅಥವಾ ಬಿ.ಎಸ್ಸಿ., ಬಳಿಕ ಎಂ.ಎ. ಅಥವಾ ಎಂ.ಎಸ್ಸಿ., ಅದರ ಮೇಲೆ ಆಸ್ಪತ್ರೆಯಲ್ಲಿ ರೋಗಿಗಳ ನಡುವೆ ಪಡೆಯತಕ್ಕ ತರಬೇತಿ, ಇದು ಕ್ರಮ. 1992ರ ಶಾಸನದ ಮೇರೆಗೆ ಏರ್ಪಟ್ಟ ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ಹೆಸರು ದಾಖಲಾದವರು ಮಾತ್ರ ಈ ವೃತ್ತಿಯನ್ನು ನಡೆಸಬಹುದು. ತರಬೇತಿಯ ಹೆಸರುಗಳೂ ನಿಯಮಗಳೂ ಈಚೆಗೆ ಬದಲಾಗುತ್ತಿರುವುದರಿಂದ, ಶುಲ್ಕವನ್ನು ಕಟ್ಟುವುದಕ್ಕೆ ಮುಂಚೆ ಆ ಶಿಕ್ಷಣಕ್ಕೆ ಪರಿಷತ್ತಿನ ಮನ್ನಣೆಯಿದೆಯೇ ಎಂದು ತಪ್ಪದೆ ವಿಚಾರಿಸತಕ್ಕದ್ದು. ಈ ತರಬೇತಿಗೆ ದೇಶದಲ್ಲಿ ಅಗ್ರಗಣ್ಯವಾದ ಸ್ಥಾನ ಬೆಂಗಳೂರಿನ ನಿಮ್ಹಾನ್ಸ್. 1974ರಲ್ಲಿ ಹಳೆಯ ಮಾನಸಿಕ ಆಸ್ಪತ್ರೆಯೂ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯೂ ಕೂಡಿ ಆದುದು. ಅಲ್ಲಿ ವೃದ್ಧರಿಗಾಗಿಯೇ ಪ್ರತ್ಯೇಕ ಚಿಕಿತ್ಸಾ ವಿಭಾಗವುಂಟು.

ಎರಡನೆಯದು ಸರ್ಕಾರದ ಕಾರ್ಯಕ್ರಮಗಳು. 1996ರಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿ ದೊರೆತುದು ನಮ್ಮ ಬಳ್ಳಾರಿ ಜಿಲ್ಲೆಯಲ್ಲಿ ನಡೆದ ಪ್ರಯೋಗದಿಂದಲೇ. ಅದರ ತಂಡದಲ್ಲಿ ಮನೋವೈದ್ಯರೊಡನೆ ಮನಶ್ಶಾಸ್ತ್ರಜ್ಞರಿಗೂ ಸಮಾಜ ಕಾರ್ಯಕರ್ತರಿಗೂ ಸ್ಥಾನವಿರುವುದು. 2022ರ ಅಕ್ಟೋಬರಿನಲ್ಲಿ ಮೊದಲಾದ ಟೆಲಿ ಮಾನಸ್ ಸೇವೆಯಲ್ಲಿ (14416) ದೂರವಾಣಿಯ ಮೂಲಕ ದೇಶಭಾಷೆಗಳಲ್ಲಿ ಸಮಾಧಾನ ಹೇಳುವ ಆಪ್ತಸಲಹೆಗಾರರು ಬೇಕು. ವೃದ್ಧರಿಗೆಂದೇ 14567 ಸಂಖ್ಯೆಯ ಸಹಾಯವಾಣಿಯೂ ಇದೆ.

ಮೂರನೆಯದು ನ್ಯಾಯದ ಸಮೀಪದ ಕೆಲಸ. ತಂದೆ ತಾಯಿಗಳ ಹಾಗೂ ಹಿರಿಯ ನಾಗರಿಕರ ಪೋಷಣೆಗಾಗಿ 2007ರಲ್ಲಿ ಆದ ಕಾಯಿದೆಯಲ್ಲಿ, ಮಕ್ಕಳ ಮೇಲೆ ದೂರು ಬಂದರೆ ನ್ಯಾಯಮಂಡಳಿಯು ಮೊದಲು ಸಂಧಾನಾಧಿಕಾರಿಗೆ ಒಪ್ಪಿಸಬಹುದೆಂದಿದೆ. ಆ ಅಧಿಕಾರಿಯ ಮುಂದೆ ಕುಳಿತ ಮುದುಕಿಯು ಹಣವನ್ನು ಬೇಡುತ್ತಿರುವಳೋ, ಮಗನ ಒಂದು ಮಾತನ್ನು ಬೇಡುತ್ತಿರುವಳೋ ತಿಳಿಯಬಲ್ಲವರು ಮನಸ್ಸನ್ನು ಓದಿದವರೇ ಅಲ್ಲವೆ? ಸಂಧಾನದಲ್ಲಿ ನೆರವಾಗುವ ಸಂಸ್ಥೆಗಳಲ್ಲಿಯೂ ವೃದ್ಧಾಶ್ರಮಗಳಲ್ಲಿಯೂ ಇಂಥವರಿಗೆ ಕೆಲಸವುಂಟು. ಬೆಂಗಳೂರಿನ ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟಿನಂಥವು ಮರೆವಿನ ರೋಗಿಗಳ ಆರೈಕೆಯನ್ನೇ ಒಂದು ಶಾಸ್ತ್ರವಾಗಿ ನಡೆಯಿಸಿಕೊಂಡು ಬಂದಿವೆ. ಅಲ್ಲಿ ಕಲಿತು ಬಂದವರು ಮುಂದೆ ನಮ್ಮ ಊರುಗಳಲ್ಲಿಯೂ ಅಂಥದನ್ನು ಕಟ್ಟಬಹುದು.

ನಾಲ್ಕನೆಯದು ಸಂಶೋಧನೆ, ನಮ್ಮ ಗಡಿನಾಡಿನ ಮಕ್ಕಳಿಗೆ ಇದು ವಿಶೇಷವಾಗಿ ಒದಗಿದ ಕ್ಷೇತ್ರ. ನನ್ನ ತಾಯಿಗೆ ಕೇಳಿದಂಥ ಪ್ರಶ್ನೆಗಳ ಮೂಲವು 1975ರಲ್ಲಿ ಅಮೆರಿಕೆಯಲ್ಲಿ ಅಕ್ಷರಸ್ಥರಿಗಾಗಿ ಆದುದು. ಹರಿಯಾಣದ ಬಲ್ಲಭಗಡದಲ್ಲಿ ಓದುಬರಹವಿಲ್ಲದ ಹಿಂದೀ ವೃದ್ಧರಿಗೆ ಹೊಂದುವಂತೆ ಅದನ್ನು ಬದಲಿಸಿ 1995ರಲ್ಲಿ ಪ್ರಕಟಿಸಿದರು. ಬೀದರದ ಕನ್ನಡ, ಔರಾದದ ಮರಾಠಿ, ಕೋಟೆಯ ಸುತ್ತಲಿನ ದಖನಿ ಉರ್ದು ಇವುಗಳನ್ನಾಡುವ ವೃದ್ಧರಿಗೆ ಹೊಂದುವ ಪ್ರಶ್ನೆಗಳನ್ನು ರಚಿಸಲು ಈ ಮೂರನ್ನೂ ಬಲ್ಲವರೇ ಬೇಕು. ಇನ್ನೊಂದು ಸಂಗತಿ ಕೇಳಿರಿ. ನೆರೆಯ ಹೈದರಾಬಾದಿನಲ್ಲಿ ಸುವರ್ಣಾ ಅಲ್ಲಾಡಿಯವರೂ ಅವರ ಸಂಗಡಿಗರೂ 648 ಮಂದಿ ರೋಗಿಗಳನ್ನು ಪರಿಶೀಲಿಸಿ, ಎರಡು ಅಥವಾ ಹೆಚ್ಚು ಭಾಷೆಗಳನ್ನು ಬಲ್ಲವರಲ್ಲಿ ಮರೆವಿನ ರೋಗವು ಸುಮಾರು ನಾಲ್ಕೂವರೆ ವರ್ಷ ತಡವಾಗಿ ತೋರಿತೆಂದೂ, ನಿರಕ್ಷರಿಗಳಲ್ಲಿಯೂ ಈ ಭೇದ ಕಂಡಿತೆಂದೂ 2013ರಲ್ಲಿ ಪ್ರಕಟಿಸಿದರು. ನಾವು ‘ಹಿಂದುಳಿದ ಸೀಮೆಯ ಕಲಬೆರಕೆ ಮಾತು’ ಎಂದು ನಾಚುತ್ತಿದ್ದುದು ನಮ್ಮ ಹಿರಿಯರನ್ನು ಕಾಯುತ್ತಿರಲೂಬಹುದು. ಬೀದರದಲ್ಲಿ ಇದನ್ನು ಅಳೆದು ನೋಡತಕ್ಕವರು ನಮ್ಮ ಮಕ್ಕಳೇ ಏಕಾಗಬಾರದು?

ಇಷ್ಟನ್ನು ಹೇಳಿ ಕಷ್ಟವನ್ನು ಮುಚ್ಚಿಡುವುದು ಉಪಾಧ್ಯಾಯನಿಗೆ ಶೋಭಿಸದು. ಓದು ದೀರ್ಘವಾದುದು; ತರಬೇತಿಯ ಸ್ಥಾನಗಳು ಕೆಲವೇ; ಜಿಲ್ಲೆಯೊಂದರಲ್ಲಿ ಸರ್ಕಾರಿ ಹುದ್ದೆಗಳನ್ನು ಬೆರಳಲ್ಲಿ ಎಣಿಸಬಹುದು; ಅವುಗಳಲ್ಲಿಯೂ ಗುತ್ತಿಗೆಯವೇ ಹೆಚ್ಚು. 2012ರ ಸಂವಿಧಾನ ತಿದ್ದುಪಡಿಯಿಂದ ಬಂದ 371(ಜೆ) ವಿಧಿಯು ನಮ್ಮ ಸೀಮೆಯ ಮಕ್ಕಳಿಗೆ ಶಿಕ್ಷಣದಲ್ಲಿಯೂ ಸ್ಥಳೀಯ ಹುದ್ದೆಗಳಲ್ಲಿಯೂ ಮೀಸಲಾತಿಯನ್ನು ಕಲ್ಪಿಸಿದೆ. ಅದರ ಪ್ರಮಾಣಪತ್ರವನ್ನು ಸಕಾಲದಲ್ಲಿ ಪಡೆದಿಡಬೇಕು. ಧನಾರ್ಜನೆಯೊಂದೇ ಗುರಿಯಾದವರು ಬೇರೆ ಮಾರ್ಗವನ್ನು ಹಿಡಿಯುವುದು ಲೇಸು. ಆದರೆ ಹುದ್ದೆ ಬರುವವರೆಗೆ ಕಾಯದೆ ಮಾಡಬಹುದಾದ ಅಭ್ಯಾಸವೊಂದುಂಟು. ಪದವಿ ತರಗತಿಯಲ್ಲಿರುವಾಗಲೇ ತನ್ನ ಮನೆಯ ಅಥವಾ ಓಣಿಯ ಒಬ್ಬ ವೃದ್ಧರ ಬಳಿ ವಾರಕ್ಕೆ ಒಂದು ದಿನ ಕುಳಿತು, ಅವರ ಒಪ್ಪಿಗೆಯನ್ನು ಪಡೆದು, ಅವರ ಬಾಳಿನ ಕಥೆಯನ್ನು ಅವರ ಮಾತಿನಲ್ಲಿಯೇ ಬರೆದುಕೊಳ್ಳಬೇಕು. ನಡುವೆ ಬಾಯಿ ಹಾಕಬಾರದು. ಹೇಳಿದುದನ್ನೇ ಹೇಳಿದರೂ ಬೇಸರಿಸಬಾರದು. ತನ್ನ ವಿದ್ಯೆಯ ಮೇರೆಯನ್ನು ಅರಿತು, ರೋಗದ ಹೆಸರನ್ನು ಹೇಳುವ ಸಾಹಸಕ್ಕೆ ಹೋಗದೆ, ಅಗತ್ಯವೆನಿಸಿದರೆ ವೈದ್ಯರಲ್ಲಿಗೆ ಕಳುಹಿಸಬೇಕು.

ಮನೆಯವರಿಗೂ ಒಂದು ಬಿನ್ನಹ. ಹಿರಿಯರು ಮರೆಯತೊಡಗಿದರೆ ‘ಅರುವತ್ತರ ಅರಳುಮರುಳು’ ಎಂದು ನಕ್ಕು ಸುಮ್ಮನಾಗಬೇಡಿರಿ. ಕಿವಿ, ಕಣ್ಣು, ರಕ್ತದೋಷ, ದುಃಖ ಇವುಗಳಿಂದಲೂ ಮರೆವು ಬರುವುದು. ಅವುಗಳಲ್ಲಿ ಅನೇಕವು ಚಿಕಿತ್ಸೆಗೆ ಸಾಧ್ಯವಾದುವು. ಪರೀಕ್ಷೆಗೆ ಕರೆದೊಯ್ದಾಗ, “ಇವರ ಮಾತು ಇದು, ಇವರು ಓದಿಲ್ಲ, ಈ ಕಿವಿ ಕೇಳದು” ಎಂದು ಮೊದಲೇ ತಿಳಿಸಿರಿ. ಮನೆಯ ಮಗಳು ಮನಶ್ಶಾಸ್ತ್ರವನ್ನು ಓದುವೆನೆಂದರೆ ಅವಳನ್ನು ಹೆದರಿಸಬೇಡಿರಿ.

ಆ ಹುಡುಗಿಯು ಬಿ.ಎಡ್. ಮಾಡಲಿಲ್ಲ. ಅವಳ ತಂದೆಯನ್ನು ನಾನೇ ಕರೆಸಿ ಮಾತನಾಡಿದೆನು, ಅವಳು ಎಂ.ಎ. ತರಗತಿಗೆ ಸೇರಿದಳು. ರಜೆಗೆ ಊರಿಗೆ ಬಂದಾಗಲೆಲ್ಲ ನಮ್ಮ ಮನೆಗೆ ಬಂದು ತಾಯಿಯ ಬಳಿ ಕುಳಿತು ಒಂದು ನೂರು ಪುಟದ ನೋಟುಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದಳು. 2024ರಲ್ಲಿ ತಾಯಿಯು ತೀರಿಕೊಂಡ ಮೇಲೆ ಅದನ್ನು ನನಗೆ ಕೊಟ್ಟಳು. ಅರ್ಧ ಮರಾಠಿ, ಅರ್ಧ ಕನ್ನಡ. ತವರಿನ ಬಾವಿ, ರಜಾಕಾರರ ಭಯದಿಂದ ರಾತ್ರಿ ಜೋಳದ ಹೊಲದಲ್ಲಿ ಅಡಗಿದ್ದುದು, ಗಂಡನ ಮನೆಗೆ ಬಂದ ಮೊದಲನೆಯ ವರ್ಷ ಕನ್ನಡ ಬಾರದೆ ಅತ್ತೆಯ ಮುಂದೆ ಕೈಸನ್ನೆ ಮಾಡುತ್ತಿದ್ದುದು ಎಲ್ಲವೂ ಅದರಲ್ಲಿವೆ. ಐವತ್ತೆಂಟು ವರ್ಷ ಅವಳ ಮಗನಾಗಿದ್ದರೂ ಇವುಗಳಲ್ಲಿ ಒಂದನ್ನಾದರೂ ನಾನು ಕೇಳಿ ತಿಳಿದಿರಲಿಲ್ಲ. ಈಗ ಸಂಜೆಯ ಹೊತ್ತು ಮರಾಠಿಯ ಪದಗಳನ್ನು ನೆರೆಮನೆಯವರಲ್ಲಿ ಕೇಳಿಕೊಂಡು ಓದುತ್ತಿರುವೆನು. ತಪ್ಪಾಗಿ ಬರೆದ ಪದಗಳು ಅಲ್ಲಲ್ಲಿ ಇವೆ. ಅವುಗಳನ್ನು ಹಾಗೆಯೇ ಬಿಟ್ಟಿದ್ದೇನೆ.